ಎರಡನೆಯ ಕಾಗದ

ಲಿಂಡೆನ್‌ಹಾಫೆನ್, ವಿಸ್ಕಾನ್ಸಿನ್
ಗುರುವಾರ, ಮಾರ್ಚ್ ೧೫, ೧೮೬೦

ಪ್ರೀತಿಯ ಲೋರೆಂಟ್ಸ್,

ನಿನ್ನ ಕೆಮ್ಮು ಹೇಗಿದೆ? ಷಿಕಾಗೋದ ಗಾಳಿ ಎದೆಗೆ ಒಳ್ಳೆಯದಲ್ಲ. ಅಮ್ಮ ಕಳಿಸಿದ ಉಣ್ಣೆಯ ಪಟ್ಟಿಯನ್ನು ಸೊಗಸು ನೋಡದೆ ಕುತ್ತಿಗೆಗೆ ಸುತ್ತಿಕೋ. ಬರುವ ಮಂಗಳವಾರ ನೀನು ವಕೀಲನಾಗಿ ಪ್ರಮಾಣ ಸ್ವೀಕರಿಸುವ ಸುದ್ದಿಯನ್ನು ಅವಳು ಬ್ರೆಡ್ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದಾಳೆ. ನಾವಿಬ್ಬರೂ ಕ್ಷೇಮ. ನನಗೆ ಮಾತ್ರ ಸೋಮವಾರದಿಂದ ಊಟ ರುಚಿಸುತ್ತಿಲ್ಲ.

ಅಂದು ಪೀಪಾಯಿ ಮಾಡುವ ಯಾಕೋಬ್ ಹೊಲ್ಟ್‌ಕಾಂಪ್ ನನ್ನ ಮೇಯರ್ ಕಚೇರಿಗೆ ಬಂದಿದ್ದ. ಬ್ರೆಮೆನ್‌ನಿಂದ ಬಂದು ಎರಡೇ ವರ್ಷ. ಹೇಳಿದ್ದನ್ನೆಲ್ಲ ಕಲಿಯುವ ತರುಣ. ಈ ದೇಶದ ಪ್ರಜೆಯಾಗಲು ಎರಡು ಕಾಗದ ಬೇಕೆಂದು ವಿವರಿಸಿದೆ: ಬಂದ ಹೊಸತರಲ್ಲಿ ಇಚ್ಛೆಯನ್ನು ತಿಳಿಸಿ ಪಡೆಯುವುದು ಮೊದಲನೆಯದು, ಐದು ವರ್ಷ ಕಳೆದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಪಡೆಯುವುದು ಎರಡನೆಯದು. ಮಾದರಿಗೆಂದು ನನ್ನ ಪೆಟ್ಟಿಗೆಯಿಂದ ಕಾಗದ ತೆಗೆದು ಅವನ ಕೈಗಿತ್ತೆ. ಓದಿ ನಕ್ಕುಬಿಟ್ಟ. “ಇದು ಮೊದಲನೇದು ಮೇಯರ್ ಸಾಹೇಬ್ರೆ, ನನ್ನ ಹತ್ರಾನೂ ಇದೆ! ಎರಡನೇದು ತೋರ್ಸಿ.” ಪೆಟ್ಟಿಗೆಯ ತಳದವರೆಗೂ ಹುಡುಕಿದೆ. ಇರಲಿಲ್ಲ. ಇರುವುದಾದರೂ ಹೇಗೆ, ಮಗನೇ? ಆ ಪ್ರಮಾಣವನ್ನು ನಾನು ಎಂದೂ ಮಾಡಿರಲೇ ಇಲ್ಲ. ನಮ್ಮ ರಾಜ್ಯದಲ್ಲಿ ಮತ ಹಾಕಲು ಮೊದಲ ಕಾಗದವೇ ಸಾಕು. ಹನ್ನೊಂದು ವರ್ಷ ಮತ ಹಾಕಿದೆ, ಎರಡು ಬಾರಿ ಮೇಯರ್ ಆದೆ, ಊರಿನ ತರುಣರನ್ನೆಲ್ಲ ಒತ್ತಾಯಿಸಿ ನ್ಯಾಯಾಲಯಕ್ಕೆ ಕಳಿಸಿದೆ. ನನ್ನದು ಎಂದೋ ಮುಗಿದ ಕೆಲಸವೆಂದೇ ನಂಬಿದ್ದೆ. ಪ್ರಜೆಯಲ್ಲದವನು ಈ ಊರಿನ ಮೇಯರ್ ಆಗುವಂತಿಲ್ಲ.

ಬಾಗಿಲು ಹಾಕಿಕೊಂಡು ಗುಮಾಸ್ತ ಟೀಲೆಗೆ ಹೇಳಿದೆ. “ಸುಮ್ನಿರಿ ಸಾಹೇಬ್ರೆ. ಐವತ್ತೈದರಲ್ಲಿ ಕೋರ್ಟಿಗೆ ಬೆಂಕಿ ಬಿತ್ತಲ್ಲ, ಅದ್ರಲ್ಲಿ ಸುಟ್ಟೋಯ್ತು ಅನ್ನಿ. ಬೂದೀನ ಯಾರು ಓದ್ತಾರೆ?” ಎಂದ. ಚುನಾವಣೆಗೆ ಮೂರು ವಾರವೂ ಇಲ್ಲ. ಎದುರಾಳಿ ವಿನ್ಸ್‌ಲೋ ಬೀದಿಬೀದಿಯಲ್ಲಿ, “ಈ ಬಿಯರ್ ಹೊಟ್ಟೆ ಜರ್ಮನ್ರು ನಿನ್ನೆ ಹಡಗಿಳಿದ್ರು, ಇವತ್ತು ನಮ್ಮನ್ನೇ ಆಳ್ತಾವ್ರೆ” ಎಂದು ಕೆಣಕುತ್ತಿದ್ದಾನೆ. ನಾನು ಬಾಯಿ ಬಿಟ್ಟರೆ ಅವನ ಮಾತಿಗೆ ನಾನೇ ರುಜು ಹಾಕಿದಂತೆ. ಬಿಡದಿದ್ದರೆ ಯಾಕೋಬನ ಮುಖವನ್ನು ಹೇಗೆ ನೋಡಲಿ? ಎರಡು ದಿನ ಟೀಲೆಯ ಬೂದಿಯೇ ಹಿತವೆನಿಸಿತ್ತೆಂಬುದನ್ನು ನಿನ್ನಲ್ಲಿ ಮುಚ್ಚಿಡಲಾರೆ. ಈಗ ತೀರ್ಮಾನವಾಗಿದೆ. ಶನಿವಾರದ ನಗರಸಭೆಯಲ್ಲಿ ಎದ್ದು ನಿಂತು ಇದ್ದದ್ದನ್ನು ಹೇಳಿ ಪದವಿ ಬಿಡುತ್ತೇನೆ. ನಮ್ಮ ಜನ ನೊಂದಾರು, ಕೆಲವರು ಶಪಿಸಿಯಾರು. ಆದರೂ ನಮ್ಮ ತರುಣರಲ್ಲೊಬ್ಬನು ಮುಂದೆ ಅದೇ ಕುರ್ಚಿಯಲ್ಲಿ ಅಳುಕಿಲ್ಲದೆ ಕೂರುವನೆಂಬ ಭರವಸೆ ನನಗಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿನ್ನ ಆರೋಗ್ಯವೂ ಮನಸ್ಸೂ ಗಟ್ಟಿಯಾಗಿರಲೆಂದು ಹರಸುವ,
ನಿನ್ನ ಅಪ್ಪ,
ಎಬರ್‌ಹಾರ್ಟ್ ಕ್ನೋಬೆಲ್

ತಾ.ಕ.: ಟಪಾಲು ಗಾಡಿ ಬಂದು ನಿಂತಿದೆ. ಹೇಳಬೇಕಾದದ್ದನ್ನು ಹೇಳಲಾರದೆ ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ನೀನು ಹನ್ನೊಂದರ ಹುಡುಗನಾಗಿ ನನ್ನೊಡನೆ ಬಂದವನು. ನನ್ನ ಕಾಗದದಿಂದಲೇ ನೀನೂ ಪ್ರಜೆಯಾದೆ ಎಂದುಕೊಂಡಿದ್ದೆವು. ಆ ಕಾಗದವೇ ಇಲ್ಲ. ಮಂಗಳವಾರ ನ್ಯಾಯಾಧೀಶರು ನೀನು ಪ್ರಜೆಯೇ ಎಂದು ಕೇಳಿದಾಗ ಹೌದೆನ್ನಬೇಡ. ಎಳೆಯರಾಗಿ ಬಂದವರಿಗೆ ಎರಡನೆಯ ಕಾಗದ ಬೇಗ ಸಿಗುತ್ತದೆಂದು ಟೀಲೆ ಹೇಳುತ್ತಾನೆ. ಈ ಪತ್ರ ತಲುಪಿದ ದಿನವೇ ಅರ್ಜಿ ಹಾಕು. ಸಾಕ್ಷಿಗೆ ಬೇರೆ ಯಾರನ್ನಾದರೂ ಕೇಳು, ಮಗು. ಸಾಕ್ಷಿ ಹೇಳುವವನು ಪ್ರಜೆಯಾಗಿರಬೇಕು.