ಬಾಗಿಲ ಮುಂದೆ ನಿಮ್ಮ ಚಪ್ಪಲಿ

ರಾಜಗೋಪಾಲನಗರ, ಪೀಣ್ಯ
9-2-2025, ಭಾನುವಾರ ಬೆಳಿಗ್ಗೆ

ನಮ್ಮ ಭಾಗ್ಯಶ್ರೀಯ ಅಪ್ಪನವರಿಗೆ ಹನುಮವ್ವ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಕೈನಡುಕ ಕಡಿಮೆಯಾಯಿತೇ? ಊಟ ಸೇರುತ್ತಿದೆಯೇ? ತುಮಕೂರಿನ ಕಡೆ ಬೆಳಗಿನ ಚಳಿ ಜಾಸ್ತಿಯಂತೆ. ಕಳಿಸಿದ ಕಂಬಳಿಯನ್ನು ನೀವೇ ಹೊದ್ದುಕೊಳ್ಳಿ, ಪಕ್ಕದ ಹಾಸಿಗೆಯವನಿಗೆ ದಾನ ಮಾಡಬೇಡಿ, ನಿಮ್ಮ ಗುಣ ನನಗೆ ಗೊತ್ತು. ಕುಡಿತ ಬಿಡಿಸುವ ಆ ಕೇಂದ್ರದಲ್ಲಿ ಫೋನ್ ಕೊಡುವುದಿಲ್ಲ, ಪತ್ರ ಬೇಕಾದರೆ ಕೊಡುತ್ತೇವೆ ಎಂದಾಗ ನನಗೆ ನಗು ಬಂದಿತ್ತು. ಮದುವೆಯಾದಾಗಿನಿಂದ ನಿಮಗೊಂದು ಪತ್ರ ಬರೆದವಳಲ್ಲ ನಾನು. ಇಷ್ಟು ದೊಡ್ಡ ಬಾಯಿ ಇರುವವಳಿಗೆ ಪೆನ್ನು ಯಾಕೆ ಎಂದು ನೀವೇ ಹಂಗಿಸುತ್ತಿದ್ದಿರಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೋದ ಸಲ ಅರ್ಧಕ್ಕೇ ಎದ್ದು ಬಂದಿರಿ, ವಾರ ತುಂಬುವುದರೊಳಗೆ ಮತ್ತೆ ಶುರುವಾಯಿತು. ಈ ಸಲ ಇಲ್ಲಿ ಆಕಾಶವೇ ಕಳಚಿ ಬಿದ್ದರೂ ಡಾಕ್ಟರು ಹೋಗು ಎನ್ನುವ ತನಕ ಬರಬೇಡಿ.

ಭಾನುವಾರದ ಸಂತೆಯ ವ್ಯಾಪಾರ ನಡೆಯುತ್ತಿದೆ. ನೀವು ಹೊಲಿದಿಟ್ಟು ಹೋದ ಚಪ್ಪಲಿ ಜೋಡುಗಳಲ್ಲಿ ಅರ್ಧ ಖಾಲಿಯಾಗಿವೆ. ಪಕ್ಕದ ಪ್ಲಾಸ್ಟಿಕ್ ಚಪ್ಪಲಿಯವನು ಮೈಕ್ ಹಚ್ಚಿಕೊಂಡು ಅರಚುತ್ತಾನೆ, ನನಗೆ ನನ್ನ ಗಂಟಲೇ ಮೈಕು. ವಾರವೆಲ್ಲ ಫ್ಯಾಕ್ಟರಿಯ ಸೇಫ್ಟಿ ಶೂನಲ್ಲಿ ಕಾಲು ಬೇಯಿಸಿಕೊಂಡ ನಮ್ಮ ಕಡೆಯ ಹುಡುಗರು ಬರುತ್ತಾರೆ. ಚಪ್ಪಲಿಯನ್ನು ಮೊದಲು ಮೂಸಿ, ಆಮೇಲೆ ಬಗ್ಗಿಸಿ, ಆಮೇಲೆ ಮೆಟ್ಟಿ ತರಕಾರಿ ಗಾಡಿಗಳ ತನಕ ನಡೆದು ನೋಡುತ್ತಾರೆ. ಅವರಿಗೆ ಅದು ಜೀರುಗುಟ್ಟಲೇಬೇಕು. ಸದ್ದು ಬರದಿದ್ದರೆ "ಇದು ಮೂಕ ಐತಿ ಅಕ್ಕಾ, ಮಾತಾಡೂದು ಕೊಡು" ಎನ್ನುತ್ತಾರೆ. ಎರಡು ಅಟ್ಟೆಗಳ ನಡುವೆ ಒಣಚರ್ಮದ ತುಣುಕಿಟ್ಟು ಹೊಲಿಯುವ ನಿಮ್ಮ ಕೈಚಳಕ ಈ ಸಂತೆಯಲ್ಲಿ ಇನ್ನೊಬ್ಬರಿಗಿಲ್ಲ. ನಾನು ಅದನ್ನೇ ಹೇಳಿ ಮಾರುತ್ತೇನೆ: "ನಮ್ಮ ಮನಿಯವರ ಚಪ್ಲಿ ಓಣಿ ತುದಿಗೆ ಜೀರ್ ಅಂದ್ರ ಸಾಕು, ಮಗಳು ಓಡಿ ಬಂದು ಬಾಗ್ಲಾ ತೆಗಿತಾಳ, ಬಡಿಯೂದ ಬ್ಯಾಡ!" ಕೇಳಿ ನಕ್ಕವರು ಹೆಚ್ಚಾಗಿ ಕೊಂಡೇ ಹೋಗುತ್ತಾರೆ.

ಆದರೆ ಗಂಡಸರ ಕಾಲ ಬಳಿ ಕುಳಿತು ಪಟ್ಟಿ ಬಿಗಿ ಮಾಡಿಕೊಡುವುದು ನನಗಿನ್ನೂ ರೂಢಿಯಾಗಿಲ್ಲ. ಒಬ್ಬನಿದ್ದಾನೆ, ಕೈಗೆ ಕೆಂಪು ಹೆಲ್ಮೆಟ್ ಸಿಕ್ಕಿಸಿಕೊಂಡು ಪ್ರತಿ ವಾರ ಬರುತ್ತಾನೆ. ಮೆಟ್ಟುತ್ತಾನೆ, ನಡೆಯುತ್ತಾನೆ, ತಲೆ ಓರೆ ಮಾಡಿ ಸದ್ದು ಕೇಳುತ್ತಾನೆ, ಬಿಚ್ಚಿಟ್ಟು ಹೋಗುತ್ತಾನೆ. ಒಂದನ್ನೂ ಕೊಂಡಿಲ್ಲ. ಹೋದ ವಾರ "ಯಜಮಾನ್ರು ಕಾಣ್ತಾನೇ ಇಲ್ವಲ್ಲಕ್ಕ, ಊರಲ್ಲಿಲ್ವಾ?" ಎಂದ. "ಮನ್ಯಾಗ ಅದಾರ" ಎಂದೆ. ಅವನು ಸುಮ್ಮನೆ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ನಿಮಗೆ ಹೇಳದ ಸಂಗತಿ ಇನ್ನೊಂದಿದೆ. ಅಲ್ಲಿ ಹವಾಯಿ ಚಪ್ಪಲಿಯೇ ಮೆಟ್ಟಬೇಕೆಂದು ನೀವು ಬಿಟ್ಟುಹೋದ ನಿಮ್ಮ ಜೋಡನ್ನು ನಾನು ಒಳಗೆ ತೆಗೆದಿಟ್ಟಿಲ್ಲ. ಬಾಗಿಲ ಹೊರಗೇ ಇದೆ, ಮನೆಯಲ್ಲಿ ಗಂಡಸಿದ್ದಾನೆ ಎಂದು ನೋಡಿದವರು ತಿಳಿಯಲಿ ಎಂದು. ಯಾರು ಶಿಫ್ಟಿಗೆ ಹೋದರು, ಯಾರು ಒಳಗಿದ್ದಾರೆ ಎಂಬುದನ್ನು ಈ ವಠಾರದಲ್ಲಿ ಚಪ್ಪಲಿ ನೋಡಿಯೇ ಹೇಳುತ್ತಾರಲ್ಲ. ನಾನು ಸಂತೆಯಲ್ಲಿ ಕುಳಿತಾಗ ಭಾಗ್ಯಶ್ರೀ ಒಬ್ಬಳೇ ಇರುತ್ತಾಳೆ. ಬೆಳೆದು ನಿಂತ ಹುಡುಗಿ, ಎದುರಿಗೆ ಹತ್ತನೇ ಕ್ಲಾಸಿನ ಪರೀಕ್ಷೆ ಬೇರೆ. ಹೀಗಿರುವಾಗ ಒಂದು ಬೆಳಿಗ್ಗೆ ಕಸ ಗುಡಿಸಲು ಬಾಗಿಲು ತೆಗೆದರೆ, ಗೋಡೆಗೆ ಮುಖ ಮಾಡಿದ್ದ ಚಪ್ಪಲಿ ಬಾಗಿಲ ಕಡೆಗೆ ತಿರುಗಿತ್ತು. ಮಾರನೆಯ ದಿನ ಒಂದು ಹಿಂದೆ, ಒಂದು ಮುಂದೆ, ಯಾರೋ ಅವಸರದಲ್ಲಿ ಬಿಚ್ಚಿದ ಹಾಗೆ. ಪೊಲೀಸರಿಗೆ ಏನೆಂದು ಹೇಳಲಿ? ಚಪ್ಪಲಿ ತಿರುಗಿದೆ ಸಾರ್ ಎಂದರೆ ನಕ್ಕು ಕಳಿಸುತ್ತಾರೆ. ಮಗಳಿಗೂ ಹೇಳಲಿಲ್ಲ. ಹಿಟ್ಟಿನ ಡಬ್ಬಿಯನ್ನು ಬಾಗಿಲಿಗೆ ಅಡ್ಡ ಎಳೆದು ಮಲಗತೊಡಗಿದೆ. ಮಲಗಿದೆ ಎನ್ನುವುದು ಹೆಸರಿಗೆ ಮಾತ್ರ, ಕಣ್ಣು ಮುಚ್ಚಿದರೆ ತಾನೇ.

ಮೊನ್ನೆ ತಡೆಯಲಾರದೆ ಕೆಳಗಿನ ಮನೆಗೆ ಹೋಗಿ ಓನರ್ ನಾಗಲಕ್ಷ್ಮಮ್ಮನವರಿಗೆ ಎಲ್ಲವನ್ನೂ ಹೇಳಿದೆ. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ನಾನೇ ಕಣಮ್ಮ ಅದು! ಬೆಳಗ್ಗೆ ತುಳಸಿಗೆ ನೀರಾಕಕ್ಕೆ ಮೇಲೆ ಬತ್ತೀನಲ್ಲ, ಅಂಗೇ ಪೊರಕೆ ತುದೀಲಿ ಒಂಚೂರು ತಿರುಗಿಸ್ತೀನಿ. ದಿನಾ ಒಂದೇ ತಾವ ಬಿದ್ದಿದ್ರೆ ಯಾರ್ ನಂಬ್ತಾರೆ, ಒಳಗೆ ಗಂಡಸು ಅವ್ನೆ ಅಂತ?" ಪೊರಕೆಯ ತುದಿ ಎಂದದ್ದು ಮನಸ್ಸಿಗೆ ಚುರುಕ್ಕೆಂದಿತು. ಆದರೂ ಆ ಹೊತ್ತಿಗೆ ಅವರ ಕಾಲಿಗೆ ಬೀಳುವಷ್ಟು ಸಮಾಧಾನವಾಯಿತು. ಎಷ್ಟೋ ದಿನಗಳ ಮೇಲೆ ನಿನ್ನೆ ಕಣ್ತುಂಬ ನಿದ್ದೆ ಬಂತು. ಅದಕ್ಕೇ ಧೈರ್ಯವಾಗಿ ಇದನ್ನೆಲ್ಲ ಬರೆದೆ, ನೀವೂ ನಕ್ಕುಬಿಡಿ.

ಭಾಗ್ಯಶ್ರೀ ನಮಸ್ಕಾರ ತಿಳಿಸಿದ್ದಾಳೆ, ಲೆಕ್ಕದ ಪಾಠ ಈಗ ತಲೆಗೆ ಹತ್ತುತ್ತಿದೆಯಂತೆ. ಪಕ್ಕದ ರೂಮಿನ ಯಮನೂರ, ಅವನ ಹೆಂಡತಿ ನಿಮ್ಮನ್ನು ದಿನಾ ಕೇಳುತ್ತಾರೆ. ಮಾತ್ರೆ ತಪ್ಪಿಸಬೇಡಿ. ಹುಲಿಗೆಮ್ಮ ನಿಮ್ಮ ಬೆನ್ನ ಹಿಂದಿರಲಿ.

ಇತಿ ನಿಮ್ಮ
ಹನುಮವ್ವ

ತಾ.ಕ.: ಸಂತೆಯಿಂದ ಈಗ ಬಂದೆ. ಕೆಂಪು ಹೆಲ್ಮೆಟ್ಟಿನವನು ಇವತ್ತು ಬರಲಿಲ್ಲ, ಸದ್ಯ ಪೀಡೆ ತೊಲಗಿತು ಎಂದುಕೊಂಡಿದ್ದೆ. ಅವನು ಇಲ್ಲಿಗೆ ಬಂದಿದ್ದ. ಭಾಗ್ಯ ಓದುತ್ತ ಕುಳಿತಿದ್ದಾಗ ಹೊರಗೆ ನಿಮ್ಮ ಚಪ್ಪಲಿ ಜೀರುಗುಟ್ಟಿತಂತೆ, ಮಹಡಿಯ ಆ ತುದಿಯಿಂದ ನಮ್ಮ ಬಾಗಿಲ ತನಕ. "ಅಪ್ಪ ಬಂದ" ಎಂದು ಹುಡುಗಿ ಓಡಿಹೋಗಿ ಚಿಲಕ ತೆಗೆದಿದ್ದಾಳೆ. ಕೈಗೆ ಕೆಂಪು ಹೆಲ್ಮೆಟ್ ಸಿಕ್ಕಿಸಿಕೊಂಡು, ಅವನು ನಿಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದನಂತೆ. "ಅಪ್ಪ ಇಲ್ವಾ ಪುಟ್ಟಿ?" ಎಂದು ಹೊಸ್ತಿಲೊಳಗೆ ಕಾಲಿಟ್ಟನಂತೆ. ಅಷ್ಟರಲ್ಲಿ ಯಮನೂರ ಮೆಟ್ಟಿಲು ಹತ್ತಿ ಬಂದ, ಹೆಲ್ಮೆಟ್ಟಿನವನು ಚಪ್ಪಲಿ ಬಿಟ್ಟು ಇಳಿದು ಹೋದ. ನಾಗಲಕ್ಷ್ಮಮ್ಮ ಬೆಳಿಗ್ಗೆಯೇ ಜಾಲಹಳ್ಳಿಯ ತಂಗಿಯ ಮನೆಗೆ ಹೋಗಿದ್ದರು. ಆ ಹೆಲ್ಮೆಟ್ಟಿನವನು ಯಾವತ್ತೋ ಸಂತೆಯಿಂದ ನನ್ನ ಹಿಂದೆ ಬಂದು ಮನೆ ನೋಡಿಕೊಂಡಿರಬೇಕು. ಯಾವ ಸದ್ದಿಗೆ ಈ ಬಾಗಿಲು ತೆರೆಯುತ್ತದೆ ಎಂದು ಅವನಿಗೆ ಹೇಳಿಕೊಟ್ಟವಳು ನಾನೇ, ಸಂತೆಯ ನಡುವೆ ನಗುನಗುತ್ತ. ಯಮನೂರನನ್ನು ಕರೆದುಕೊಂಡು ಠಾಣೆಗೆ ಹೊರಟಿದ್ದೇನೆ. ನಾಳೆ ಅವನ ಟೆಂಪೋ ತುಮಕೂರಿಗೆ ಬರುತ್ತದೆ, ಪತ್ರ ಅವನ ಕೈಯಲ್ಲೇ ಕೊಡುತ್ತೇನೆ. ಬರಬೇಡಿ ಎಂದು ಮೇಲೆ ಬರೆದದ್ದನ್ನು ಮರೆತುಬಿಡಿ, ಅದೇ ಟೆಂಪೋದಲ್ಲಿ ಬನ್ನಿ. ಆದರೆ ಬಾಗಿಲಲ್ಲಿ ನಿಂತು ಮಗಳ ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕು, ನಿಮ್ಮ ದನಿ ಕೇಳಬೇಕು. ಅಪ್ಪನ ಹೆಜ್ಜೆಯ ಸದ್ದಿಗೆ ಇನ್ನು ಬಾಗಿಲು ತೆಗೆಯುವುದಿಲ್ಲ ಎಂದು ಅವಳ ಕೈಯಲ್ಲಿ ಆಣೆ ಮಾಡಿಸಿದ್ದೇನೆ.