ನಾಲ್ಕನೇ ಗೀಟು

ಅಮ್ಮ,

ಹಾಸನದ ಮೊದಲ ಬಸ್ಸಿಗೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಹಾಲು ಕಾಯಿಸಿಟ್ಟಿದ್ದೀನಿ. ಅಪ್ಪನ ಬಿ.ಪಿ. ಮಾತ್ರೆ ಮುಗಿದಿದೆ, ಇವತ್ತೇ ತರಿಸು.

ಯೂನಿಫಾರ್ಮ್ ಇಸ್ತ್ರಿ ಮಾಡುವಾಗ ನೋಡಿದೆ. ಭುಜದ ಪಟ್ಟಿಗಳ ಮೇಲೆ ಮೂರು ಗೀಟಿನ ಪಕ್ಕ ನಾಲ್ಕನೆಯದನ್ನೂ ಹೊಲಿದಿದ್ದೀಯ. ನಾಲ್ಕು ಗೀಟು ಕ್ಯಾಪ್ಟನ್‌ಗೆ, ನಾನಿನ್ನೂ ಕೋ-ಪೈಲಟ್ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ? ನೋಡದೆ ಹಾಕಿಕೊಂಡು ಹೋಗಿದ್ದರೆ ಕೆಲಸವೇ ಹೋಗುತ್ತಿತ್ತು. "ಮೊದಲೇ ಹೊಲಿದಿಟ್ಟರೆ ಬೇಗ ಬರುತ್ತೆ ಕಣೇ" ಅಂತ ನೀನು ಅಂದಾಗ ತಮಾಷೆ ಅಂದುಕೊಂಡಿದ್ದೆ.

ಬರಲ್ಲ ಅಮ್ಮ. ಕಂಪನಿ ಬಾಡಿಗೆಗೆ ತಂದಿದ್ದ ನಮ್ಮ ಸಣ್ಣ ವಿಮಾನಗಳನ್ನು ವಾಪಸ್ ಕೊಡುತ್ತಿದೆ. ಇರೋ ಕ್ಯಾಪ್ಟನ್‌ಗಳಿಗೇ ಜಾಗವಿಲ್ಲ, ಅವರೇ ನನ್ನ ಸೀಟಿಗೆ ಬರುತ್ತಿದ್ದಾರೆ. ದೊಡ್ಡ ಕಂಪನಿಗೆ ಹೋದರೆ ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಈ ಸಲ ಊರಿಗೆ ಬಂದಿದ್ದೇ ಇದನ್ನು ಹೇಳೋಕೆ. ನೀನು ಬೀದಿಯವರಿಗೆಲ್ಲ "ನಮ್ಮ ಹಿತಾ ಇನ್ನೇನು ಕ್ಯಾಪ್ಟನ್ ಆಗೇಬಿಟ್ಟಳು ಕಣ್ರೀ" ಅನ್ನುತ್ತಿದ್ದೆ. ಅದಕ್ಕೇ ಈಗ ಚೀಟಿಯಲ್ಲಿ ಬರೆಯುತ್ತಿದ್ದೀನಿ.

ಶನಿವಾರ ಚೆನ್ನಕೇಶವನಿಗೆ ಪುಳಿಯೋಗರೆ ಮಾಡಿಸುತ್ತೀನಿ ಅಂದಿದ್ದೆಯಲ್ಲ, ಮಾಡಿಸು. ಭಟ್ಟರಿಗೆ ನನ್ನ ಹೆಸರು ಮಾತ್ರ ಹೇಳು, ಕ್ಯಾಪ್ಟನ್ ಅನ್ನಬೇಡ.

ಗೀಟು ಬಿಚ್ಚಿ ನಿನ್ನ ಹೊಲಿಗೆ ಡಬ್ಬದಲ್ಲಿ ಇಟ್ಟಿದ್ದೀನಿ. ಆ ಜರಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಬೀರು ತೆಗೆದು ನಿನ್ನ ಧಾರೆ ಸೀರೆ ನೋಡಿದೆ. ಆ ಅಂಚನ್ನು ಮತ್ತೆ ಜೋಡಿಸೋಕೆ ಆಗಲ್ಲ ಅಮ್ಮ. ಕತ್ತರಿಸಿದ ಕಡೆ ಒಳಗೆ ಹೋಗುವ ಹಾಗೆ ಮಡಚಿಟ್ಟಿದ್ದೀನಿ.

ಹಿತಾ