ಕಾಲುವೆ ಬೋಟಿನ ಒಲೆ

ಅಫಜಲಪುರ
9 ಮಾರ್ಚ್ 2025, ರವಿವಾರ

ಪ್ರೀತಿಯ ಮಹಾನಂದಾಗೆ, ದಿಲೀಪನ ಜೈಭೀಮ್.

ಕಿಣ್ಣಿ ಸುಲ್ತಾನದಲ್ಲಿ ನೀನೂ ಮಗಳು ಸುಮಂಗಲಾಳೂ ಆರಾಮ ಇದ್ದೀರಿ, ನಿನ್ನ ಬಲಗೈಯ ಬೊಬ್ಬೆ ಒಣಗಿದೆ ಎಂದು ನಿನ್ನ ಅಣ್ಣ ಭಗವಂತ ಆಳಂದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ. ನಾನು ಹೇಗಿದ್ದೇನೆಂದು ಅವನು ಕೇಳಲಿಲ್ಲ. ಅವನ ಸಿಟ್ಟು ತಪ್ಪಲ್ಲ. ನಿನಗೆ ನಾಲ್ಕು ಸಲ ಫೋನ್ ಮಾಡಿದೆ. ನೀನು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ. ಆ ಫೋನು ಯಾರದೆಂದು ನಿನಗೆ ಗೊತ್ತೇ ಇರುತ್ತದೆ. ಬಾಯಿಂದ ಬಾರದ್ದು ಕೈಯಿಂದಾದರೂ ಬಂದೀತೆಂದು ಈ ಕಾಗದ. ಸಾಲಿ ಬಿಟ್ಟ ಮೇಲೆ ಇಷ್ಟುದ್ದ ಬರೆದವನಲ್ಲ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಆ ಬೆಳಿಗ್ಗೆ ನೀನು ರೊಟ್ಟಿಗೆಂದು ಹಚ್ಚಿದ ಒಲೆಗೆ ನಾನು ಒಂದು ಕೊಡ ನೀರು ಪೂರಾ ಹೊಯ್ದೆ. ಹಬೆ ಎದ್ದು ನಿನ್ನ ಕೈ ಬೆಂದಿತು. "ಉರಿಯೋ ಒಲಿಗಿ ಯಾರರ ನೀರು ಹೊಯ್ತಾರೇನ್ರಿ? ನಿಮಗೇನಾಗ್ಯಾದ, ಅಷ್ಟರ ಹೇಳ್ರಿ" ಎಂದು ನೀನು ಕೈ ಹಿಡಿದುಕೊಂಡು ಕೇಳಿದೆ. ನಾನು ಅಂಗಳಕ್ಕೆ ಹೋಗಿ ಕೂತೆ. ನೀನು ಮಗಳನ್ನು ಕರೆದುಕೊಂಡು ಬಸ್ಸಿಗೆ ನಡೆದಾಗಲೂ ಏಳಲಿಲ್ಲ. ಅದಕ್ಕೂ ಮುಂಚೆ ಎಷ್ಟೋ ದಿನದಿಂದ ನಾನು ಮನೆಯೊಳಗೆ ಮಲಗುತ್ತಿರಲಿಲ್ಲ, ನೀನು ಬಾಗಿಲು ಹಾಕಿದರೆ ಎದ್ದು ತೆಗೆಯುತ್ತಿದ್ದೆ. ಓಣಿಯವರು ಕುಡಿತ ಹಿಡಿದದ ಅಂದರು. ಕುಡಿತವಲ್ಲ, ಮಹಾನಂದಾ. ಬೋಟಿನಲ್ಲಿ ಕಲ್ಲಿನಾಥಣ್ಣ ಸತ್ತ ರಾತ್ರಿಯ ಬಗ್ಗೆ ನಾನು ಪೊಲೀಸರಿಗೆ ಹೇಳಿದ್ದು ಸುಳ್ಳು. ನಿನಗೆ ಹೇಳಿದ್ದೂ ಅದೇ ಸುಳ್ಳು.

ನೀನು ಆ ಬೋಟನ್ನು ದಂಡೆಯಿಂದ ನೋಡಿದವಳು, ಒಳಗೆ ಬಂದವಳಲ್ಲ. ಭೀಮಾ ನದಿಯ ನೀರನ್ನು ಎತ್ತಿ ಕಾಲುವೆಗೆ ಬಿಡುವ ಜಾಗದಲ್ಲಿ, ಕಾಲುವೆಯ ಬಾಯಿಗೇ ಸರಪಳಿ ಬಿಗಿದು ನಿಲ್ಲಿಸಿದ ಕಬ್ಬಿಣದ ಬೋಟು ಅದು. ಮುಂದೆ ಎರಡು ಡೀಸೆಲ್ ಪಂಪು, ಹಿಂದೆ ತಗಡಿನ ಒಂದು ಕೋಣೆ. ಕೋಣೆಗೆ ಒಂದು ಬಾಗಿಲು, ಮೊಣಕೈ ಉದ್ದದ ಒಂದು ಕಿಟಕಿ. ಮೂಲೆಯಲ್ಲಿ ಡೀಸೆಲ್ ಡ್ರಮ್ಮು ಕೊಯ್ದು ಮಾಡಿದ ಒಲೆ, ಅದರ ಹೊಗೆ ಮೇಲೆ ಹೋಗಲು ತಗಡಿನ ಕೊಳವೆ. ಪಂಪು ಕಾಯುವವರು ನಾವಿಬ್ಬರು, ಅಂದೋಲಾದ ಕಲ್ಲಿನಾಥಣ್ಣ ಮತ್ತು ನಾನು. ಆರು ವರ್ಷ.

ಚಳಿಗಾಲದಲ್ಲಿ ಆ ಒಲೆ ಆರಬಾರದು. ನದಿಯ ಮಂಜಿಗೆ ಕಟ್ಟಿಗೆ ತೊಯ್ದು ಹಸಿಯಾಗುತ್ತದೆ, ಕಡ್ಡಿಪೆಟ್ಟಿಗೆಯೂ ಹತ್ತುವುದಿಲ್ಲ. ನಸುಕಿನಲ್ಲಿ ಕಲ್ಲಿನಾಥಣ್ಣ ಬಿಸಿನೀರು ಮಿಂದು ಲಿಂಗಪೂಜೆ ಮಾಡಿಕೊಂಡ ಮೇಲೆಯೇ ಪಂಪಿಗೆ ಕೈ ಹಚ್ಚುವವನು. ಹಾಗಾಗಿ ರಾತ್ರಿ ಬೆಂಕಿಯನ್ನು ಮಲಗಿಸುವ ಕೆಲಸ ನನ್ನದಾಯಿತು. ನಮ್ಮವ್ವ ಮಲ್ಕಮ್ಮ ಕಲಿಸಿದ್ದು. ಕೆಂಡವನ್ನೆಲ್ಲ ಹಿಂದಕ್ಕೆ ಗುಡ್ಡೆ ಮಾಡಬೇಕು. ಮೇಲೆ ಒಂದು ಜಾಲಿ ಬೊಡ್ಡೆ ಇಟ್ಟು ಬೂದಿ ಹೊದಿಸಬೇಕು. ಗಾಳಿ ಹೋಗುವ ಬಾಯನ್ನು ಒಂದು ಬೆರಳಿನಷ್ಟು ಬಿಟ್ಟು ಮುಚ್ಚಬೇಕು. ಹೆಚ್ಚು ಬಿಟ್ಟರೆ ನಡುರಾತ್ರಿಗೇ ಉರಿದು ಹೋಗುತ್ತದೆ, ಪೂರ್ತಿ ಮುಚ್ಚಿದರೆ ಸಾಯುತ್ತದೆ. ಬೆಳಿಗ್ಗೆ ಬೂದಿ ಸರಿಸಿ ನಾಲ್ಕು ತೊಗರಿ ಕಟ್ಟಿಗೆ ಇಟ್ಟು ಊದಿದರೆ ಸಾಕು. "ನಿನ್ನ ಕೈಯಾಗ ಬೆಂಕಿ ಹೇಳಿದಂಗ ಕೇಳ್ತದ ದಿಲೀಪಾ" ಎಂದು ಕಲ್ಲಿನಾಥಣ್ಣ ಅನ್ನುತ್ತಿದ್ದ.

ಬೆಂಕಿ ಮಲಗಿಸುವವರೆಗೆ ನಾನು ಒಳಗೆ. ಆಮೇಲೆ ಹೊರಗೆ ಬಂದು, ಪಂಪುಗಳ ನಡುವೆ ತಾಡಪತ್ರಿ ಕಟ್ಟಿಕೊಂಡು ಮಲಗುತ್ತಿದ್ದೆ. ಹೊರಗೆ ಮಲಗೆಂದು ಅವನು ಯಾವತ್ತೂ ಹೇಳಿದ್ದಿಲ್ಲ. ಮೊದಲ ದಿನ ನಾನೇ ಹಾಸಿಗೆ ಹೊರಗೆ ಒಯ್ದೆ, ಅವನು ಬೇಡ ಅನ್ನಲಿಲ್ಲ. ಹಾಗೇ ಆರು ವರ್ಷವಾಯಿತು. ಒಟ್ಟಿಗೆ ಕೂತು ಚಹಾ ಕುಡಿಯುತ್ತಿದ್ದೆವು, ಬೀಡಿ ಹಂಚಿಕೊಳ್ಳುತ್ತಿದ್ದೆವು. ಮಗಳಿಗೆ ಜ್ವರ ಬಂದಾಗ ಅವನು ಎರಡು ದಿನ ಒಬ್ಬನೇ ಪಂಪು ನೋಡಿಕೊಂಡು ನನ್ನನ್ನು ಮನೆಗೆ ಕಳಿಸಿದ್ದ. ಅದು ನಿನಗೂ ಗೊತ್ತು. ಅವನು ಕೆಟ್ಟವನಾಗಿರಲಿಲ್ಲ. ಇದನ್ನು ಓದುವಾಗ ನಿನಗೆ ಸಿಟ್ಟು ಬರುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಈ ಸಲದ ಎಳ್ಳ ಅಮಾಸಿಯ ಮರುದಿನ ಅವನು ಊರಿನಿಂದ ಸಜ್ಜಿರೊಟ್ಟಿ, ಭಜ್ಜಿ ತಂದಿದ್ದ. ನನಗೆ ಎರಡು ದಿನದಿಂದ ಕೆಮ್ಮು, ಮೈ ಕಾಯುತ್ತಿತ್ತು. ಅಂಥ ಥಂಡಿ ಈ ಚಳಿಗಾಲದಲ್ಲಿ ಬಿದ್ದಿರಲಿಲ್ಲ, ಕಬ್ಬಿಣ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಬೆಂಕಿಗೆ ಬೂದಿ ಹೊದಿಸಿ ಎದ್ದವನನ್ನು ಅವನು ತಡೆದ. "ಎಲ್ಲಿಗಿ ಹೊಂಟಿ? ಇಲ್ಲೇ ಮಲ್ಕೊ. ಹೊರಗ ಥಂಡಿಗಿ ಸತ್ತೀ." ನಾನು "ಬ್ಯಾಡ್ರಿ ಅಣ್ಣಾರ" ಅಂದೆ. ಅವನು ತನ್ನ ಕಂಬಳಿಯನ್ನು ಅಗಲ ಹಾಸಿ ಅರ್ಧ ಬಿಟ್ಟುಕೊಟ್ಟ. ನಾನು ಮಲಗಿದೆ. ಬಾಗಿಲ ಕಡೆ ನಾನು, ಒಲೆಯ ಕಡೆ ಅವನು.

ಮಲಗಿದ ಮೇಲೆ ಅವನು ಮತ್ತೆ ಎದ್ದು ಒಂದು ಗೋಣಿಚೀಲ ತಗೊಂಡು ಕಿಟಕಿಗೆ ತುರುಕಿದ. ಗಾಳಿ ಬರಲಿ ಬಿಡ್ರಿ ಅಂದೆ. "ದಂಡಿ ಮ್ಯಾಲ ಮೀನ ಹಿಡಿಯೋರು ಅಡ್ಡಾಡ್ತಾರ. ಯಾರರ ನೋಡಿದ್ರ ನಮ್ಮಣ್ಣಗ ಸುದ್ದಿ ಮುಟ್ಟಸ್ತಾರ" ಅಂದ. ಅವನ ಅಣ್ಣ ದೊಡ್ಡಪ್ಪನಿಗೆ ಜಾತಿ, ಮಡಿ ಎಷ್ಟೆಂದು ನಾನು ಕೇಳಿ ಬಲ್ಲೆ. ಕಂಬಳಿ ಎಳೆದುಕೊಂಡೆ. ಒಲೆಯ ಕೊಳವೆ ತುಕ್ಕು ಹಿಡಿದು ನಡುವೆ ಬಾಯಿ ಬಿಟ್ಟಿತ್ತು. ಗುತ್ತಿಗೆದಾರನ ಸುಪರವೈಜರ ಸಂತೋಷಕುಮಾರನಿಗೆ ಮೂರು ಸಲ ಹೇಳಿದ್ದೆವು, ಮುಂದಿನ ವಾರ ಮುಂದಿನ ವಾರ ಅನ್ನುತ್ತಿದ್ದ. ಕಿಟಕಿ ತೆರೆದಿರುವವರೆಗೆ ಅದು ನಮಗೆ ದೊಡ್ಡ ಮಾತೆನಿಸಿರಲಿಲ್ಲ. ಆ ರಾತ್ರಿ ನನಗೆ ಅದು ನೆನಪಿಗೇ ಬರಲಿಲ್ಲ. ಬೆಚ್ಚಗಿತ್ತು, ಮಹಾನಂದಾ. ಅಷ್ಟು ಬೆಚ್ಚಗೆ ನಾನು ಆ ಬೋಟಿನಲ್ಲಿ ಯಾವತ್ತೂ ಮಲಗಿರಲಿಲ್ಲ.

ಯಾವ ಹೊತ್ತಿಗೋ ಎಚ್ಚರಾಯಿತು. ತಲೆಯನ್ನು ಒರಳಿಗೆ ಹಾಕಿ ಕುಟ್ಟಿದ ಹಾಗೆ. ಏಳಹೋದರೆ ಕಾಲು ನಿಲ್ಲಲಿಲ್ಲ. ಜ್ವರ ಏರಿತೆಂದುಕೊಂಡೆ. ಅವನ ಕಂಬಳಿಯ ಮೇಲೆ ಕಾರಿಕೊಂಡರೆ ಹೇಗೆಂದು ಹೆದರಿ ತೆವಳುತ್ತ ಹೊರಗೆ ಬಂದು ನೀರಿಗೆ ಕಾರಿದೆ. ಗಾಳಿಗೆ ಸ್ವಲ್ಪ ಹಗುರಾಯಿತು. ತಿರುಗಿ ನೋಡಿದರೆ ಅವನು ಗೊರಕೆ ಹೊಡೆಯುತ್ತಿದ್ದ. ಯಾವಾಗಿನ ಗೊರಕೆ ಅಲ್ಲ, ಗಂಟಲಲ್ಲಿ ಏನೋ ಸಿಕ್ಕ ಹಾಗೆ. ದಣಿದಾನ, ಗಾಢ ನಿದ್ದೆ ಅಂದುಕೊಂಡೆ. ಬೆಳಕಾಗುವ ಮುಂಚೆ ನಾನು ನನ್ನ ಜಾಗದಲ್ಲಿದ್ದರೆ ಅವನಿಗೂ ಚಿಂತೆ ಇಲ್ಲ ಎಂದೂ ಅನ್ನಿಸಿತು. ತಾಡಪತ್ರಿಯ ಕೆಳಗೆ ಹೋದೆ. ಹೋಗುವ ಮುಂಚೆ ಅವನಿಗೆ ಥಂಡಿ ಗಾಳಿ ಬಡಿಯಬಾರದೆಂದು ಬಾಗಿಲನ್ನು ಎಳೆದು ಗಟ್ಟಿಯಾಗಿ ಹಾಕಿದೆ.

ಅಷ್ಟೇ. ಇದನ್ನೇ ನಾನು ಯಾರಿಗೂ ಹೇಳಿರಲಿಲ್ಲ.

ಏಳು ಗಂಟೆಯಾದರೂ ಅವನು ಏಳಲಿಲ್ಲ. ಬಾಗಿಲು ತೆಗೆದೆ. ಮುಖ ಕೆಂಪಗಿತ್ತು, ಈಗಷ್ಟೇ ಬಿಸಿನೀರು ಮಿಂದು ಬಂದವನ ಹಾಗೆ. ಮುಟ್ಟಿದರೆ ತಣ್ಣಗಿದ್ದ. ಬೂದಿಯ ಕೆಳಗೆ ಕೆಂಡ ಇನ್ನೂ ಜೀವಂತ ಇತ್ತು. ನಾನು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಅವನನ್ನು ಅಲುಗಿಸಿ ಕರೆಯಲಿಲ್ಲ, ದಂಡೆಗೆ ಕೂಗಲಿಲ್ಲ. ಕಂಬಳಿಯ ನನ್ನ ಅರ್ಧವನ್ನು ಮಡಚಿ ಅವನ ಮೇಲೆ ಹೊದಿಸಿದೆ, ಒಬ್ಬನೇ ಮಲಗಿದ್ದ ಹಾಗೆ ಕಾಣಲೆಂದು. ಆಮೇಲೆ ಕೂಗಿದೆ.

ಪೊಲೀಸರು ಬಂದಾಗ "ನಾ ಹೊರಗ ಮಲಗಿದ್ದೆ ಸಾಹೇಬ್ರ" ಅಂದೆ. ಬರೆದುಕೊಂಡರು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ನಾನು ಹೊರಗೆ ಮಲಗುವುದು ಯಾರಿಗೂ ಹೊಸದಾಗಿರಲಿಲ್ಲ ನೋಡು. ಅವನೇ ಕಿಟಕಿ ಮುಚ್ಚಿಕೊಂಡು ಒಬ್ಬನೇ ಮಲಗಿ ಒಲೆಯ ಹೊಗೆಗೆ ಸತ್ತ ಎಂದು ಕಾಗದ ಆಯಿತು. ದವಾಖಾನೆಯ ಡಾಕ್ಟರು ನನಗೊಂದು ಮಾತು ಹೇಳಿದರು. ಕೆಂಡದಿಂದ ಏಳುವ ಆ ವಿಷಗಾಳಿ ನಿಧಾನ ಏರುತ್ತದಂತೆ, ನಡುವೆ ಯಾರಾದರೂ ಬಾಗಿಲು ತೆಗೆದು ಹೊರಗೆ ಎಳೆದಿದ್ದರೆ ಉಳಿಯುತ್ತಿದ್ದನಂತೆ. ಅವರು ಸುಮ್ಮನೆ ಹೇಳಿದ್ದು. ನಾನು ಅಂದಿನಿಂದ ಬೆಂಕಿ ಇರುವ ಕೋಣೆಯಲ್ಲಿ ಕೂಡಲಾರೆ.

ಹೋದ ರವಿವಾರ ಅಂದೋಲಾಕ್ಕೆ ಹೋಗಿದ್ದೆ. ದೊಡ್ಡಪ್ಪ ಹೊಲಕ್ಕೆ ಹೋದ ಹೊತ್ತು ನೋಡಿಯೇ ಹೋದೆ. ಕಲ್ಲಿನಾಥಣ್ಣನ ಹೆಂಡತಿ ಗುರಮ್ಮಕ್ಕ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮಗಳು ಭಾಗ್ಯಜ್ಯೋತಿ ಒಳಗೆ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ಆ ಹುಡುಗಿಗೆ ಜೇವರ್ಗಿಯ ಕಡೆ ಸಂಬಂಧ ಗಟ್ಟಿಯಾಗಿದೆ, ವೈಶಾಖದಲ್ಲಿ ಲಗ್ನ. ಗುರಮ್ಮಕ್ಕ "ಬಾ ತಮ್ಮಾ" ಅಂದಳು. ನಾನು ಮೆಟ್ಟಿಲ ಮೇಲೆ ಕೂತು ನಿನಗೆ ಬರೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಒಳಗೆ ಮಷಿನ್ ನಿಂತಿತು.

ಅವಳು ಮೊರ ಕೆಳಗಿಟ್ಟಳು. ಆಮೇಲೆ ಕೇಳಿದಳು.

"ನೀ ಹೊರಗ ಬರೂ ಮುಂದ ಅವರು ಗೊರಕಿ ಹೊಡೀಲಾಕತ್ತಿದ್ರೇನು?"

"ಹೌದ್ರಿ ಅಕ್ಕಾರ."

"ಹಂಗಾರ ಜೀವ ಇತ್ತು."

ಮತ್ತೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ದನಿ ಹೊರಗೆ ಬಿಡಲಿಲ್ಲ. ನನಗೆ ಬೈಯಲಿ, ಮೊರ ಎತ್ತಿ ಹೊಡೆಯಲಿ ಎಂದು ಕಾದೆ. ಅವಳು ಕಣ್ಣು ಒರೆಸಿಕೊಂಡು, ಮಗಳು ಇದ್ದ ಕೋಣೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದಳು. "ತಮ್ಮಾ, ನೀ ಬಾಗಿಲಾ ಎಳದಿದ್ದು ಬೇಕಾದ್ರ ಹೇಳು. ನಿನ್ನ ಮನಸಿಗಿ ಹಗುರ ಆಗ್ತಿದ್ರ ಊರಿಗೆಲ್ಲ ಹೇಳು. ಒಳಗ ಅವರ ಮಗ್ಗಲಾಗ ಮಲಗಿದ್ದು ಮಾತ್ರ ಹೇಳಬ್ಯಾಡ. ಜ್ಯೋತಿ ಲಗ್ನ ಆಗೂತನಕರ."

ನಾನು ಮಾತು ಕೊಡಲಿಲ್ಲ. ಕೈಮುಗಿದು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಹೊರಗೆ ಮಲಗಿದ್ದವನು ಒಳಗೆ ಮಲಗಿದ್ದವನ ಬಾಗಿಲು ಬಂದು ಹಾಕಿದ ಎಂದಷ್ಟೇ ಹೇಳಿದರೆ ಅದು ಕೊಲೆಯ ಮಾತಾಗುತ್ತದೆ. ಅವಳಿಗೆ ಅದು ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೂ ಅವಳು ಬೇರೆ ಏನು ಕೇಳಿಯಾಳು? ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಮಗಳ ಬದುಕನ್ನು ಮೈದುನ ಭಾವಂದಿರ ಕೈಯಲ್ಲಿಟ್ಟು ಕೂತಿದ್ದಾಳೆ. ಆ ಸಂಬಂಧ ಮುರಿದರೆ ಪಾಪ ಯಾರ ತಲೆಗೆ? ನನಗೆ ಭಾಗ್ಯಜ್ಯೋತಿಯ ಮುಖ ಸರಿಯಾಗಿ ಕಾಣಲಿಲ್ಲ ಆ ದಿನ. ನಾನು ಎದ್ದು ಹೊರಟಾಗ ಕೋಣೆಯ ಬಾಗಿಲಲ್ಲಿ ಅವಳ ಕಾಲು ಮಾತ್ರ ಕಂಡವು.

ಆದರೆ ಇನ್ನೊಂದು ಕಡೆಯಿಂದಲೂ ಯೋಚಿಸುತ್ತೇನೆ. ಆರು ವರ್ಷದಲ್ಲಿ ಒಂದು ರಾತ್ರಿ ಅವನು ನನ್ನನ್ನು ಒಳಗೆ ಕರೆದ. ಅವನು ಮಾಡಿದ್ದರಲ್ಲಿ ಅದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ಅದನ್ನೇ ಅವನ ಹೆಂಡತಿ ನಾಚಿಕೆಯ ಹಾಗೆ ಮುಚ್ಚಿಡು ಅನ್ನುತ್ತಾಳೆ. ಅವನೂ ಮುಚ್ಚಲೆಂದೇ ಕಿಟಕಿಗೆ ಚೀಲ ತುರುಕಿದ. ನಾನೂ ಮುಚ್ಚಲೆಂದೇ ಕಂಬಳಿ ಮಡಚಿದೆ. ಮೂವರಲ್ಲೂ ಇದ್ದ ಆ ಮುಚ್ಚುವ ಬುದ್ಧಿಯೇ ಅವನನ್ನು ಕೊಂದಿತೇನೋ ಅನ್ನಿಸುತ್ತದೆ. ನೀನು ಇದ್ದಿದ್ದರೆ "ಅವರ ಮಾನ ಕಾಯಾಕ ನಿಮಗ್ಯಾರು ಹೇಳ್ಯಾರ?" ಅನ್ನುತ್ತಿದ್ದೆ. ಆ ಮಾತು ಕಿವಿಯಲ್ಲಿ ಕೇಳುತ್ತಲೇ ಇದೆ.

ನೀನು ತಿರುಗಿ ಬಾ ಎಂದು ಬರೆಯುತ್ತಿಲ್ಲ. ನಿನ್ನ ಕೈ ಪೂರ್ತಿ ವಾಸಿಯಾಗಲಿ. ನಾನು ಬೋಟಿನ ಕೆಲಸ ಬಿಟ್ಟೆ, ಇಲ್ಲಿ ಒಂದು ಸಿಮೆಂಟಿನ ಅಂಗಡಿಯಲ್ಲಿ ಹಮಾಲಿಗೆ ಹೋಗುತ್ತಿದ್ದೇನೆ. ಸುಮಂಗಲಾಗೆ ಅಪ್ಪ ಯಾಕೆ ಹಾಗೆ ಮಾಡಿದ ಎಂದು ಏನಾದರೂ ಹೇಳಬೇಕಾದರೆ, ನಿನಗೆ ಸರಿ ಕಂಡಷ್ಟು ಹೇಳು. ನಿನ್ನ ಕೈ ಸುಟ್ಟದ್ದಕ್ಕೆ ಮಾತ್ರ ನನ್ನ ಹತ್ತಿರ ಕಾರಣ ಇದೆಯೇ ಹೊರತು ಸಮಜಾಯಿಷಿ ಇಲ್ಲ.

ನಿನ್ನ
ದಿಲೀಪ

ತಾ.ಕ.: ರವಿವಾರ ಬರೆದ ಕಾಗದವನ್ನು ಇವತ್ತು, ಮಂಗಳವಾರ, ಅಂಚೆಗೆ ಹಾಕುತ್ತಿದ್ದೇನೆ. ನಿನ್ನೆ ಠಾಣೆಗೆ ಹೋಗಿದ್ದೆ. ಹೊಸ ಹೇಳಿಕೆ ಕೊಟ್ಟೆ. ಸಾಹೇಬರು ಪೂರ್ತಿ ಕೇಳಿ, "ಒಳಗ ಮಲಗಿದ್ದ ಮಾತು ಬೇಕೇನೋ? ಇಲ್ಲದ ತ್ರಾಸ ಅದು" ಅಂದರು. "ಬೇಕ್ರಿ, ಬರಕೋರ್ರಿ" ಅಂದೆ. ಬರೆದುಕೊಂಡರು, ಸಹಿ ಮಾಡಿದೆ. ಕರೆದಾಗ ಬರಬೇಕು, ಊರು ಬಿಡಬೇಕಾದರೆ ಹೇಳಿ ಹೋಗಬೇಕು ಅಂದಿದ್ದಾರೆ. ಗುರಮ್ಮಕ್ಕನಿಗೆ ಇನ್ನೂ ಗೊತ್ತಿಲ್ಲ. ನಾಳೆ ಮೊದಲ ಬಸ್ಸಿಗೆ ಅಂದೋಲಾಕ್ಕೆ ಹೋಗಲು ಸಾಹೇಬರನ್ನು ಕೇಳಿಕೊಂಡಿದ್ದೇನೆ, ಹೂಂ ಅಂದರು. ಪೊಲೀಸರು ಅವಳ ಬಾಗಿಲಿಗೆ ಹೋಗುವ ಮುಂಚೆ ನಾನೇ ಹೋಗಿ ಹೇಳಬೇಕು.